ಹೊಟ್ಟೆಪಾಡಿನ ಪಿಯಾನೋ

ಹೋದ ತಿಂಗಳು ಪ್ರಾಕ್ಟೀಸ್ ಮಧ್ಯೆ ನಮ್ಮ ಬ್ಯಾಂಡಿನ ಬಾಸ್ ಗಿಟಾರಿನವನು ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದ. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಎಡಗೈ ಸ್ವಲ್ಪ ಜೇಬಲ್ಲಿ ಇಟ್ಕೋತೀಯಾ ಮಾರಾಯ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಒಳಗೆ ಚುರ್ ಅಂದಿತು. ವಾರದಲ್ಲಿ ಐದು ದಿನ ಬೇರೆ ಕೆಲಸ ಮಾಡಿ, ಆರನೇ ದಿನ ಕೀಬೋರ್ಡ್ ಹೊತ್ತುಕೊಂಡು ಬರುವವನಿಗೆ ಎರಡೂ ಕೈ ಆಡಿಸುವ ಆಸೆ ಇರುತ್ತದೆ, ಅಲ್ವಾ?

ಬೇಜಾರಿನ ವಿಷಯ ಏನೆಂದರೆ ಅವನು ಹೇಳಿದ್ದು ಸರಿ. ರಾಕ್ ಬ್ಯಾಂಡಿನಲ್ಲಿ ಕೆಳಗಿನ ಸ್ವರಗಳೆಲ್ಲ ಬಾಸ್‌ನ ಆಸ್ತಿ. ನಡುವಿನ ಜಾಗ ಗಿಟಾರಿನದು, ಅದೂ ಎರಡು ಗಿಟಾರ್ ಇದ್ದರೆ ಕಥೆ ಮುಗಿಯಿತು. ಅದರ ಮೇಲೆ ಹಾಡುವವರ ದನಿ. ಡ್ರಮ್ಸ್ ಅಂತೂ ಎಲ್ಲಾ ಕಡೆ ಇರುತ್ತದೆ. ಪಿಯಾನೋಗೆ 88 ಮನೆ ಇದ್ದರೂ ರಾಕ್ ಬ್ಯಾಂಡಿನಲ್ಲಿ ಅದನ್ನು ನುಡಿಸುವವನಿಗೆ ಕೂರಲು ಜಾಗ ಇರುವುದಿಲ್ಲ.

ಆ ರಾತ್ರಿ ಸುಮ್ನೆ ಹೆಡ್‌ಫೋನ್ ಹಾಕಿಕೊಂಡು ಇಂಗ್ಲೆಂಡಿನ ಪಿಯಾನೋ ವಾದಕ ನಿಕ್ಕಿ ಹಾಪ್ಕಿನ್ಸ್ ನುಡಿಸಿರುವ ಹಾಡುಗಳನ್ನು ಒಂದಾದ ಮೇಲೆ ಒಂದು ಕೇಳುತ್ತಾ ಹೋದೆ. ಹಾಡುಗಾರರನ್ನು, ಗಿಟಾರನ್ನು ಎಲ್ಲ ಮರೆತು ಬರೀ ಪಿಯಾನೋ ಎಲ್ಲಿದೆ, ಎಲ್ಲಿ ಇಲ್ಲ ಎಂದು ಹುಡುಕುವುದೇ ಕೆಲಸ. ಬೆಳಗಿನ ಜಾವ ಮೂರು ಗಂಟೆ ಆಗಿತ್ತು. ಅವತ್ತಿನಿಂದ ಇವನ ಬಗ್ಗೆ ಬರೆಯಬೇಕು ಅಂದುಕೊಂಡಿದ್ದೆ. (ಏಕವಚನದಲ್ಲೇ ಬರೆಯುತ್ತೇನೆ. ಇಷ್ಟು ರಾತ್ರಿ ಜೊತೆಗಿದ್ದವನಿಗೆ ಬಹುವಚನ ಯಾಕೋ ಬಾಯಿಗೆ ಬರುತ್ತಿಲ್ಲ.)

ಹೆಸರು ಕೇಳಿಲ್ಲ ಎಂದರೆ ಆಶ್ಚರ್ಯ ಇಲ್ಲ. ಆದರೆ ಅವನ ಬೆರಳುಗಳನ್ನು ನೀವು ಕೇಳಿರುತ್ತೀರಿ. ರೋಲಿಂಗ್ ಸ್ಟೋನ್ಸ್‌ನ 'ಶೀಸ್ ಎ ರೇನ್‌ಬೋ' ಶುರುವಾಗುವಾಗ ಗುಂಡಗೆ ಸುತ್ತುವ ಆ ಪಿಯಾನೋ ಇದೆಯಲ್ಲ, ಅದು ಅವನದು. 'ಆಂಜಿ'ಯ ಪಿಯಾನೋ ಅವನದು. ಜಾನ್ ಲೆನನ್‌ನ 'ಜೆಲಸ್ ಗೈ' ಅವನದು. ಜೋ ಕಾಕರ್‌ನ 'ಯು ಆರ್ ಸೋ ಬ್ಯೂಟಿಫುಲ್' ಹಾಡಿನಲ್ಲಿ ಒಡೆದ ದನಿಯ ಕೆಳಗೆ ಮೆಲ್ಲಗೆ ನಡೆಯುವ ಪಿಯಾನೋ, ಅದೂ ಅವನದೇ. ದಿ ಹೂ, ಕಿಂಕ್ಸ್, ಜೆಫ್ ಬೆಕ್, ಜೆಫರ್ಸನ್ ಏರ್‌ಪ್ಲೇನ್, ಎಲ್ಲರ ಜೊತೆಯೂ ನುಡಿಸಿದ್ದಾನೆ. ಬೀಟಲ್ಸ್ ಒಡೆದ ಮೇಲೆ ಆ ನಾಲ್ವರೂ ಬೇರೆಬೇರೆಯಾಗಿ ಮಾಡಿದ ಆಲ್ಬಮ್‌ಗಳಲ್ಲೂ ಇವನು ಇದ್ದಾನೆ. ಹಾಗೆ ನಾಲ್ಕೂ ಮನೆಗೆ ಹೋಗಿಬಂದವರು ಬಹಳ ಜನ ಇರಲಿಲ್ಲ.

ಹುಟ್ಟಿದ್ದು 1944ರ ಫೆಬ್ರವರಿ 24, ಲಂಡನ್ನಿನ ಪಶ್ಚಿಮದ ಪೆರಿವೇಲ್‌ನಲ್ಲಿ. ಮೂರನೇ ವರ್ಷಕ್ಕೇ ಪಿಯಾನೋ ಮುಂದೆ ಕೂತವನು. ಸ್ಕಾಲರ್‌ಶಿಪ್ ಸಿಕ್ಕಿ ರಾಯಲ್ ಅಕಾಡೆಮಿ ಆಫ್ ಮ್ಯೂಸಿಕ್ ಸೇರಿದ. ಅಂದರೆ ಶಾಸ್ತ್ರೀಯ ಪಾಠ ಗಟ್ಟಿಯಾಗಿಯೇ ಆಗಿತ್ತು. 1960ರಲ್ಲಿ, ಹದಿನಾರು ವರ್ಷಕ್ಕೆ, ಅದನ್ನೆಲ್ಲ ಬಿಟ್ಟು ಸ್ಕ್ರೀಮಿಂಗ್ ಲಾರ್ಡ್ ಸಚ್ ಎಂಬುವವನ ಸ್ಯಾವೇಜಸ್ ಬ್ಯಾಂಡಿಗೆ ಸೇರಿಕೊಂಡ. ಈ ಸಚ್ ವೇದಿಕೆಗೆ ಶವಪೆಟ್ಟಿಗೆಯಿಂದ ಎದ್ದು ಬರುತ್ತಿದ್ದ ಮನುಷ್ಯ. ಬೀಥೋವನ್ ಬಿಟ್ಟು ಶವಪೆಟ್ಟಿಗೆಯ ಪಕ್ಕ ಬಂದು ನಿಂತ ಹುಡುಗನನ್ನು ನೋಡಿ ಮನೆಯವರಿಗೆ ಏನನ್ನಿಸಿರಬಹುದು, ಯೋಚಿಸಿ.

ಅಲ್ಲಿಂದ ಸಿರಿಲ್ ಡೇವಿಸ್ ಎಂಬ ಬ್ಲೂಸ್ ಹಾರ್ಮೋನಿಕಾ ವಾದಕನ ತಂಡಕ್ಕೆ ಹೋದ. 1963ರಲ್ಲಿ ಆ ತಂಡದ 'ಕಂಟ್ರಿ ಲೈನ್ ಸ್ಪೆಷಲ್' ಹೊರಬಂತು, ಪಿಯಾನೋ ನಿಕ್ಕಿಯದು. ಲಂಡನ್ನಿನಲ್ಲಿ ರಾಕ್ ಬಿರುಸಾಗಿ ಏಳುತ್ತಿದ್ದ ಸಮಯ. ಹತ್ತೊಂಬತ್ತು ವರ್ಷದ, ಚೆನ್ನಾಗಿ ನುಡಿಸುವ ಪಿಯಾನೋ ಹುಡುಗನಿಗೆ ಅದಕ್ಕಿಂತ ಒಳ್ಳೆ ಹೊತ್ತು ಬರಲು ಸಾಧ್ಯವೇ ಇರಲಿಲ್ಲ.

ಆಗಲೇ ಹೊಟ್ಟೆ ಕೈಕೊಟ್ಟಿತು.

1963ರ ಮೇ ತಿಂಗಳಲ್ಲಿ ಆಸ್ಪತ್ರೆ ಸೇರಿದವನು 19 ತಿಂಗಳು ಹಾಸಿಗೆಯಲ್ಲೇ ಇದ್ದ. ಆಪರೇಷನ್ ಮೇಲೆ ಆಪರೇಷನ್. ಕ್ರೋನ್ಸ್ ಕಾಯಿಲೆ, ಕರುಳು ಒಳಗೊಳಗೇ ಊದಿಕೊಂಡು ಹುಣ್ಣಾಗುವ ರೋಗ, ಜೀವನಪೂರ್ತಿ ಬಿಡುವುದಿಲ್ಲ. ಅವನು ಮಲಗಿದ್ದಾಗಲೇ, 1964ರ ಜನವರಿಯಲ್ಲಿ, ಸಿರಿಲ್ ಡೇವಿಸ್ ತೀರಿಕೊಂಡ. ಅಷ್ಟು ಹೊತ್ತಿಗೆ ಬೀಟಲ್ಸ್ ಅಮೆರಿಕಕ್ಕೆ ಹೊರಟು ನಿಂತಿದ್ದರು. ಜೊತೆಯವರೆಲ್ಲ ವ್ಯಾನ್ ಹತ್ತಿ ಊರೂರು ಸುತ್ತಿ ಹೆಸರು ಮಾಡಿಕೊಂಡ ಒಂದೂವರೆ ವರ್ಷ ಇವನು ಮಂಚದ ಮೇಲೆ ಕಳೆದ.

ಎದ್ದು ಬಂದಾಗ ಮೈ ಸೊರಗಿತ್ತು. ಬ್ಯಾಂಡ್ ಸೇರಿ ಊರು ತಿರುಗುವುದು ಅಪಾಯ. ಹಾಗಾಗಿ ಸ್ಟುಡಿಯೋ ಕೆಲಸ ಹಿಡಿದ. ನಮ್ಮಲ್ಲಿ ಹೊಟ್ಟೆಪಾಡು ಅಂತೀವಲ್ಲ, ಇವನದು ಅಕ್ಷರಶಃ ಅದು. ಹೊಟ್ಟೆಯ ಪಾಡೇ ಇವನ ವೃತ್ತಿಯನ್ನು ತೀರ್ಮಾನಿಸಿತು. ಇವನ ಬಗ್ಗೆ ಬರೆಯುವ ಎಲ್ಲರೂ 'ನಾಚಿಕೆಯ ಸ್ವಭಾವ, ಹಿಂದೆ ನಿಲ್ಲಲು ಇಷ್ಟಪಟ್ಟ ಕಲಾವಿದ' ಎಂದು ಬರೆಯುತ್ತಾರೆ. ಎಲೆಮರೆಯ ಕಾಯಿ ಎಂಬ ಮಾತು ನನ್ನ ಪೆನ್ನಿನ ತುದಿಗೂ ಬಂದಿತ್ತು, ಹೊಡೆದು ಹಾಕಿದೆ. ಇವನು ಎಲೆಯ ಮರೆಗೆ ಬೇಕೆಂದು ಹೋದವನಲ್ಲ. ಸ್ವಭಾವ ಸಾಧುವೇ ಇರಬಹುದು. ಆದರೆ ಹಗಲು ಕೂತು ನುಡಿಸಿ ಸಂಜೆ ಮನೆಗೆ ಹೋಗಿ ಮಲಗಬಹುದಾದ ಕೆಲಸ ಆಗ ಅವನಿಗೆ ಅದೊಂದೇ ಇತ್ತು.

ಆ ಕೆಲಸ ಹೇಗಿರುತ್ತದೆ ಎಂದು ಸ್ವಲ್ಪ ಹೇಳುತ್ತೇನೆ. ಲಂಡನ್ನಿನಲ್ಲಿ ಒಂದು ಸೆಷನ್ ಎಂದರೆ ಮೂರು ಗಂಟೆ. ಯಾರ ಹಾಡು ಎಂದು ಸ್ಟುಡಿಯೋ ಬಾಗಿಲು ದಾಟುವವರೆಗೂ ಕೆಲವೊಮ್ಮೆ ಗೊತ್ತಿರುವುದಿಲ್ಲ. ಒಂದು ಹಾಳೆಯಲ್ಲಿ ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಸುವ ಮೂರ್ನಾಲ್ಕು ಸ್ವರಗಳ ಗೊಂಚಲು) ಬರೆದು ಕೊಡುತ್ತಾರೆ, ಅಥವಾ ಅದೂ ಇಲ್ಲದೆ ಒಂದು ಸಲ ಹಾಡಿ ತೋರಿಸುತ್ತಾರೆ. ನುಡಿಸಬೇಕು, ರೆಕಾರ್ಡ್ ಆಗಬೇಕು, ನಿಗದಿಯಾದ ಕೂಲಿ ತೆಗೆದುಕೊಂಡು ಮುಂದಿನ ಸ್ಟುಡಿಯೋಗೆ ಹೋಗಬೇಕು. ಹಾಡು ಹತ್ತು ಜನ ಕೇಳಿದರೂ ಅದೇ ದುಡ್ಡು, ಹತ್ತು ಕೋಟಿ ಜನ ಕೇಳಿದರೂ ಅದೇ ದುಡ್ಡು. ಕಿಂಕ್ಸ್ ಮತ್ತು ದಿ ಹೂ ತಂಡಗಳ ಪ್ರೊಡ್ಯೂಸರ್ ಆಗಿದ್ದ ಶೆಲ್ ಟಾಲ್ಮಿ ಎಂಬ ಅಮೆರಿಕನ್ ಇವನನ್ನು ಮತ್ತೆಮತ್ತೆ ಕರೆಸಿದ. ಅದೇ ವರ್ಷಗಳಲ್ಲಿ ಅದೇ ಸ್ಟುಡಿಯೋಗಳಲ್ಲಿ ಇನ್ನಿಬ್ಬರು ಕೂಲಿ ಹುಡುಗರು ಓಡಾಡುತ್ತಿದ್ದರು, ಒಬ್ಬ ಗಿಟಾರಿನ ಜಿಮ್ಮಿ ಪೇಜ್, ಇನ್ನೊಬ್ಬ ಬಾಸ್ ನುಡಿಸುವ, ವಾದ್ಯಗಳಿಗೆ ಸ್ವರ ಬರೆಯುವ ಜಾನ್ ಪಾಲ್ ಜೋನ್ಸ್. 'ಶೀಸ್ ಎ ರೇನ್‌ಬೋ'ದಲ್ಲಿ ನಿಕ್ಕಿಯ ಪಿಯಾನೋ ಸುತ್ತ ಬರುವ ಪಿಟೀಲುಗಳನ್ನು ಬರೆದವನು ಈ ಜೋನ್ಸ್. ಕೂಲಿ ಬಿಟ್ಟ ಇವರಿಬ್ಬರೂ 1968ರಲ್ಲಿ ಲೆಡ್ ಝೆಪ್ಪೆಲಿನ್ ಎಂಬ ಬ್ಯಾಂಡ್ ಕಟ್ಟಿದರು. ಮುಂದಿನದು ಎಲ್ಲರಿಗೂ ಗೊತ್ತು. ಒಂದೇ ಕೋಣೆಯಿಂದ ಹೊರಟ ಮೂವರು. ಇಬ್ಬರು ತಮ್ಮ ಅಂಗಡಿ ತೆರೆದರು, ಒಬ್ಬ ಬೇರೆಯವರ ಅಂಗಡಿಗಳಲ್ಲೇ ಉಳಿದ.

ಕಿಂಕ್ಸ್‌ನ ರೇ ಡೇವಿಸ್ 1966ರಲ್ಲಿ 'ಸೆಷನ್ ಮ್ಯಾನ್' ಎಂದು ಒಂದು ಹಾಡೇ ಬರೆದ. ಗಂಟೆ ಲೆಕ್ಕದಲ್ಲಿ ಬಂದು ನುಡಿಸಿ ಹೋಗುವವನ ಮೇಲೆ ಸಣ್ಣ ಕುಟುಕು. ಅದು ನಿಕ್ಕಿಯನ್ನು ನೋಡಿ ಬರೆದದ್ದು ಎನ್ನುತ್ತಾರೆ. ಮಜಾ ಏನೆಂದರೆ ಆ ಹಾಡಿನಲ್ಲಿ ಹಾರ್ಪ್ಸಿಕಾರ್ಡ್ (ಪಿಯಾನೋದ ಹಳೆಯ ಬಂಧು) ನುಡಿಸಿದವನೂ ನಿಕ್ಕಿಯೇ. ತನ್ನನ್ನೇ ಆಡಿಕೊಳ್ಳುವ ಹಾಡಿಗೆ ತಾನೇ ನುಡಿಸಿ ಕೂಲಿ ಇಸಕೊಂಡು ಹೋದ. ಎರಡು ವರ್ಷದ ನಂತರ ಅದೇ ತಂಡದ ಇನ್ನೊಂದು ಆಲ್ಬಮ್ಮಿನಲ್ಲಿ ತಾನು ನುಡಿಸಿದ ಎಷ್ಟೋ ಭಾಗಕ್ಕೆ ತನ್ನ ಹೆಸರು ಹಾಕಲಿಲ್ಲ ಎಂದು ನೊಂದುಕೊಂಡಿದ್ದ. ಅದನ್ನು ಮುಚ್ಚಿಡಲಿಲ್ಲ, ಮುಂದೆ ಬಾಯಿಬಿಟ್ಟು ಹೇಳಿದ. ಹಿಂದೆ ನಿಲ್ಲಲು ಇಷ್ಟಪಟ್ಟವನು ಎನ್ನುವವರಿಗೆ ಇದನ್ನು ತೋರಿಸಬೇಕು.

ಒಂದು ಕಡೆ ಮಾತ್ರ ನ್ಯಾಯ ಸಿಕ್ಕಿತು. ದಿ ಹೂ ತಂಡದ 1965ರ ಮೊದಲ ಆಲ್ಬಮ್ಮಿನ ಕೊನೆಗೆ 'ದಿ ಆಕ್ಸ್' ಎಂಬ ಹಾಡಿಲ್ಲದ ವಾದ್ಯದ ತುಣುಕಿದೆ. ಅದನ್ನು ಕಟ್ಟಿದವರ ಹೆಸರಿನಲ್ಲಿ ತಂಡದ ಟೌನ್‌ಶೆಂಡ್, ಎಂಟ್‌ವಿಸಲ್, ಮೂನ್ ಜೊತೆ ಹಾಪ್ಕಿನ್ಸ್ ಹೆಸರೂ ಇದೆ. ಕೇಳಿ ನೋಡಿ. ಕೀತ್ ಮೂನ್ ಡ್ರಮ್ಸ್ ಮೇಲೆ ಮನೆ ಬೀಳಿಸುತ್ತಿದ್ದಾನೆ, ಗಿಟಾರ್ ಕಿರುಚುತ್ತಿದೆ, ಅದರ ನಡುವೆ ಪಿಯಾನೋ ಮಳೆ ಹನಿ ತಗಡಿನ ಮೇಲೆ ಬಿದ್ದ ಹಾಗೆ ಮೇಲಿನ ಸ್ವರಗಳಲ್ಲಿ ಟಪಟಪ ಅನ್ನುತ್ತಿರುತ್ತದೆ. ಅಷ್ಟು ಗಲಾಟೆಯಲ್ಲಿ ಕೂಡ ಅದು ಕೇಳಿಸುತ್ತದೆ, ಯಾಕೆಂದರೆ ಆ ಎತ್ತರದಲ್ಲಿ ಬೇರೆ ಯಾರೂ ಇಲ್ಲ.

ಇಲ್ಲಿಗೆ ನನಗೆ ಅರ್ಧ ಅರ್ಥವಾಗಿತ್ತು. ಇನ್ನರ್ಧ ರೋಲಿಂಗ್ ಸ್ಟೋನ್ಸ್‌ನ 'ಸಿಂಪಥಿ ಫಾರ್ ದ ಡೆವಿಲ್' ಹೇಳಿಕೊಟ್ಟಿತು.

ಈ ಹಾಡನ್ನು 1968ರ ಜೂನ್‌ನಲ್ಲಿ ಲಂಡನ್ನಿನ ಒಲಿಂಪಿಕ್ ಸ್ಟುಡಿಯೋದಲ್ಲಿ ಮಾಡಿದರು. ಗೊದಾರ್ ಎಂಬ ಫ್ರೆಂಚ್ ನಿರ್ದೇಶಕ ಅಲ್ಲೇ ಕ್ಯಾಮೆರಾ ಇಟ್ಟುಕೊಂಡಿದ್ದ. ಹಾಗಾಗಿ ನಿಧಾನ ಗತಿಯ ಒಂದು ಹಾಡು ಹೇಗೆ ಮೆಲ್ಲಮೆಲ್ಲಗೆ ಸಾಂಬಾ ತಾಳಕ್ಕೆ ತಿರುಗಿಕೊಂಡಿತು ಎಂದು ಇವತ್ತಿಗೂ ಕಣ್ಣಾರೆ ನೋಡಬಹುದು. ಗಮನಿಸಬೇಕಾದದ್ದು ಒಂದಿದೆ. ಇದು ಗಿಟಾರಿಗೆ ಹೆಸರಾದ ಬ್ಯಾಂಡ್, ಆದರೆ ಹಾಡಿನ ಉದ್ದಕ್ಕೂ ತಾಳ ಹಿಡಿಯುವ ಗಿಟಾರ್ ಕೇಳಿಸುವುದೇ ಇಲ್ಲ ಎನ್ನಬೇಕು. ಗಿಟಾರಿನ ಕೀತ್ ರಿಚರ್ಡ್ಸ್ ಬಾಸ್ ಎತ್ತಿಕೊಂಡಿದ್ದಾನೆ, ಗಿಟಾರ್ ಸೋಲೋ ಬರುವುದು ಬಹಳ ಆಮೇಲೆ. ಕಾಂಗಾ (ಕೈಯಲ್ಲಿ ಬಾರಿಸುವ ಉದ್ದನೆಯ ಡ್ರಮ್), ಮರಾಕಸ್ ಎಂಬ ಗಿಲಕಿ, ಡ್ರಮ್ಸ್, ಬಾಸ್, ದನಿ ಇಷ್ಟೇ. ಉಳಿದ ಇಡೀ ಹಾಡನ್ನು ಎತ್ತಿ ಹಿಡಿದಿರುವುದು ಪಿಯಾನೋ.

ನಾನು ಕೀಬೋರ್ಡ್ ಹಾಕಿ ಕೂತೆ. ಕಾರ್ಡ್‌ಗಳು ಮಗುವಿಗೂ ಬರುತ್ತವೆ. ಇ, ಡಿ, ಎ, ಮತ್ತೆ ಇ. ಪಲ್ಲವಿಗೆ ಬಿ ಸೇರುತ್ತದೆ. ಅಷ್ಟೇ. ಆರು ನಿಮಿಷ ಅದನ್ನೇ ನುಡಿಸಬೇಕು. ಮೊದಲ ಚರಣದಲ್ಲಿ ನಿಕ್ಕಿ ಏನೂ ಮಾಡುವುದಿಲ್ಲ. ಕಾರ್ಡ್ ಇಡುತ್ತಾನೆ, ಬಿಡುತ್ತಾನೆ. ಅಕಾಡೆಮಿಯಲ್ಲಿ ಕಲಿತ ಕೈ, ಆದರೂ ಒಂದು ಅಲಂಕಾರ ಇಲ್ಲ. ಮುಂದಿನ ಚರಣಕ್ಕೆ ಬಲಗೈ ಸ್ವಲ್ಪ ಚುರುಕಾಗುತ್ತದೆ, ಕಾರ್ಡ್‌ನ ನಡುವೆ ಒಂದೆರಡು ಸ್ವರ ಜಾಸ್ತಿ ಬರುತ್ತದೆ, ಅದೂ ಕಾಂಗಾದ ಪೆಟ್ಟುಗಳ ಸಂದಿಯಲ್ಲಿ. ಹೀಗೆ ಪ್ರತಿ ಚರಣಕ್ಕೂ ಒಂದು ಮೆಟ್ಟಿಲು. ಕೊನೆಯ ಹೊತ್ತಿಗೆ ಪಿಯಾನೋ ಡ್ರಮ್ಸ್‌ನಂತೆ ಕುಟ್ಟುತ್ತಿರುತ್ತದೆ, ಆದರೆ ಅದು ಯಾವಾಗ ಹಾಗಾಯಿತು ಎಂದು ಕೇಳುವವರಿಗೆ ಗೊತ್ತೇ ಆಗಿರುವುದಿಲ್ಲ. ನಾನು ನುಡಿಸಿದಾಗ ಏನಾಯಿತು ಅಂತೀರಾ? ಎರಡನೇ ಚರಣಕ್ಕೇ ನನ್ನ ಬಳಿ ಇದ್ದ ಸರಕೆಲ್ಲ ಖಾಲಿ. ಉಳಿದ ನಾಲ್ಕು ನಿಮಿಷ ಅದನ್ನೇ ಜೋರಾಗಿ ನುಡಿಸಿದೆ. ನಾಲ್ಕು ಸಲ ಪ್ರಯತ್ನಿಸಿದೆ, ನಾಲ್ಕು ಸಲವೂ ಇದೇ ಕಥೆ. ಬೆರಳಿಗೆ ಬಂದರೂ ತಡೆದುಕೊಳ್ಳುವುದು ಬಹಳ ಕಷ್ಟದ ಕೆಲಸ ಕಣ್ರೀ.

ಅದೇ ವರ್ಷ ಜುಲೈನಲ್ಲಿ ಬೀಟಲ್ಸ್ ಕರೆದರು. 'ರೆವಲ್ಯೂಷನ್' ಸಿಂಗಲ್‌ಗೆ ಎಲೆಕ್ಟ್ರಿಕ್ ಪಿಯಾನೋ ಬೇಕಿತ್ತು. ಹೋದ, ನುಡಿಸಿದ, ಬಂದ. ಗಿಟಾರುಗಳು ಬೇಕೆಂದೇ ಕರ್ಕಶವಾಗಿರುವ ಆ ಹಾಡಿನ ಕೊನೆಯಲ್ಲಿ ಒಬ್ಬ ನಗುತ್ತಾ ಕುಣಿಯುತ್ತಿರುವ ಹಾಗೆ ಕೇಳಿಸುವ ಪಿಯಾನೋ ಅವನದು. ಬೀಟಲ್ಸ್ ಜೊತೆ ಅವನು ನುಡಿಸಿದ್ದು ಆ ಒಂದು ಸಲ ಮಾತ್ರ. ಮೂರು ವರ್ಷದ ನಂತರ ಲೆನನ್ ತನ್ನ 'ಇಮ್ಯಾಜಿನ್' ಆಲ್ಬಮ್ಮಿಗೆ ಅವನನ್ನು ನೆನಪಿಟ್ಟು ಕರೆದ.

ಹಾಗಂತ ಸ್ವಂತ ಬ್ಯಾಂಡಿನ ಆಸೆ ಇರಲಿಲ್ಲವೇ ಎಂದರೆ, ಇತ್ತು. ಕೂಲಿ ಬಿಟ್ಟು ಜೆಫ್ ಬೆಕ್ ಗ್ರೂಪ್ ಸೇರಿದ. ರಾಡ್ ಸ್ಟೀವರ್ಟ್ ಹಾಡುಗಾರ, ರಾನ್ ವುಡ್ ಬಾಸ್. 1969ರ 'ಬೆಕ್-ಓಲಾ' ಆಲ್ಬಮ್ಮಿನಲ್ಲಿ 'ಗರ್ಲ್ ಫ್ರಮ್ ಮಿಲ್ ವ್ಯಾಲಿ' ಎಂಬ ಅವನದೇ ರಚನೆ ಇದೆ, ಆ ಗದ್ದಲದ ಆಲ್ಬಮ್ಮಿನ ನಡುವೆ ಕಿಟಕಿ ತೆಗೆದ ಹಾಗೆ. ಆದರೆ ತಂಡ ಜಗಳದಲ್ಲಿ ಒಡೆಯಿತು. ವುಡ್‌ಸ್ಟಾಕ್ ಸಂಗೀತ ಉತ್ಸವದಲ್ಲಿ ನುಡಿಸಬೇಕಿತ್ತು, ಅದಕ್ಕೆ ಮುಂಚೆಯೇ ಮುಗಿದುಹೋಯಿತು. ಆಗಸ್ಟ್‌ನಲ್ಲಿ ನಿಕ್ಕಿ ಮಾತ್ರ ವುಡ್‌ಸ್ಟಾಕ್ ವೇದಿಕೆಯ ಮೇಲಿದ್ದ, ಜೆಫರ್ಸನ್ ಏರ್‌ಪ್ಲೇನ್ ಜೊತೆಗೆ. ರಾತ್ರಿಯ ಕಾರ್ಯಕ್ರಮ ಬೆಳಗ್ಗೆಗೆ ತಳ್ಳಿಹೋಗಿ, ಸೂರ್ಯ ಹುಟ್ಟಿದ ಮೇಲೆ ನುಡಿಸಿದರು. ಆಮೇಲೆ ಕ್ಯಾಲಿಫೋರ್ನಿಯಾದಲ್ಲೇ ಉಳಿದು ಕ್ವಿಕ್‌ಸಿಲ್ವರ್ ಮೆಸೆಂಜರ್ ಸರ್ವಿಸ್ ಎಂಬ ಬ್ಯಾಂಡಿನ ಪೂರ್ಣ ಸದಸ್ಯನಾದ. ಅವರ ಜೊತೆ ಮಾಡಿದ ಒಂದು ಉದ್ದನೆಯ ಪಿಯಾನೋ ರಚನೆಯ ಹೆಸರಿನಲ್ಲಿ 'ಎಡ್ವರ್ಡ್' ಬರುತ್ತದೆ. ಎಡ್ವರ್ಡ್ ಎಂದರೆ ಇವನೇ. ಸ್ಟೋನ್ಸ್ ಸ್ಟುಡಿಯೋದಲ್ಲಿ ಬ್ರಯಾನ್ ಜೋನ್ಸ್ ಗಿಟಾರ್ ಶ್ರುತಿ ಮಾಡಿಕೊಳ್ಳಲು ಪಿಯಾನೋದಲ್ಲಿ ಇ ಸ್ವರ ಕೇಳಿದನಂತೆ. ಇವನಿಗೆ ಕೇಳಿಸಲಿಲ್ಲ. "ಇ, ಎಡ್ವರ್ಡ್‌ನ ಇ" ಎಂದು ಕೂಗಿದನಂತೆ. ಅಲ್ಲಿಂದ ಇವನ ಹೆಸರೇ ಎಡ್ವರ್ಡ್ ಆಯಿತು. 1969ರಲ್ಲಿ ಒಂದು ರಾತ್ರಿ ಕೀತ್ ರಿಚರ್ಡ್ಸ್ ಇಲ್ಲದಿದ್ದಾಗ ಉಳಿದವರು ಸುಮ್ನೆ ನುಡಿಸಿಕೊಂಡಿದ್ದನ್ನು 1972ರಲ್ಲಿ 'ಜ್ಯಾಮಿಂಗ್ ವಿತ್ ಎಡ್ವರ್ಡ್' ಎಂಬ ಹೆಸರಿನಲ್ಲೇ ಹೊರತಂದರು. ಅಂಥಾ ಒಳ್ಳೆ ಆಲ್ಬಮ್ ಏನಲ್ಲ, ಹೆಸರಿಗಾಗಿ ಇಟ್ಟುಕೊಳ್ಳಬಹುದು.

1971, 72, 73ರಲ್ಲಿ ಸ್ಟೋನ್ಸ್ ಜೊತೆ ಪ್ರವಾಸಕ್ಕೂ ಹೋದ. ಯಾವ ಊರು ಸುತ್ತುವ ಕೆಲಸಕ್ಕೆ ಹೆದರಿ ಸ್ಟುಡಿಯೋ ಸೇರಿದ್ದನೋ ಅದೇ ಕೆಲಸ, ಅದೂ ಆ ಕಾಲದ ಸ್ಟೋನ್ಸ್ ಜೊತೆ. ಆರೋಗ್ಯವಂತರೇ ತಡೆದುಕೊಳ್ಳಲಾಗದ ಸಹವಾಸ ಅದು. 1973ರ ಯುರೋಪ್ ಪ್ರವಾಸದ ಹೊತ್ತಿಗೆ ಆ ಜಾಗದಲ್ಲಿ ಬಿಲ್ಲಿ ಪ್ರೆಸ್ಟನ್ ಕೂತಿದ್ದ. ಇದೇ ಪ್ರೆಸ್ಟನ್ 1969ರಲ್ಲಿ 'ಗೆಟ್ ಬ್ಯಾಕ್'ಗೆ ನುಡಿಸಿದಾಗ ಬೀಟಲ್ಸ್ ರೆಕಾರ್ಡಿನ ಚೀಟಿಯ ಮೇಲೇ ಅವನ ಹೆಸರು ಹಾಕಿದ್ದರು.

ಸ್ಟೋನ್ಸ್‌ನ ಪಿಯಾನೋ ಕುರ್ಚಿಗೆ ಇನ್ನೂ ಹಳೆಯ ಕಥೆ ಇದೆ. ಇಯಾನ್ ಸ್ಟೀವರ್ಟ್ ಬ್ಯಾಂಡ್ ಶುರು ಮಾಡಿದವರಲ್ಲೇ ಒಬ್ಬ. 1963ರಲ್ಲಿ ಹೊಸ ಮ್ಯಾನೇಜರ್ ಬಂದು, ಆರು ಜನ ಜಾಸ್ತಿ, ಮುಖವೂ ಹೊಂದುವುದಿಲ್ಲ ಎಂದು ಫೋಟೋದಿಂದ ಹೊರಗಿಟ್ಟ. ಸ್ಟೀವರ್ಟ್ ಹೋಗಲಿಲ್ಲ. ಸಾಮಾನು ಸಾಗಿಸುತ್ತಾ, ಬೇಕಾದಾಗ ಪಿಯಾನೋ ನುಡಿಸುತ್ತಾ 1985ರಲ್ಲಿ ಸಾಯುವವರೆಗೂ ಅಲ್ಲೇ ಇದ್ದ. ಆದರೆ ಬೂಗಿ-ವೂಗಿ (ಕುಣಿಸುವ ಬ್ಲೂಸ್ ಪಿಯಾನೋ) ಬಿಟ್ಟು ಮೈನರ್ ಕಾರ್ಡ್ ಇರುವ ಹಾಡು ಬಂದರೆ ಕೈ ಎತ್ತಿ ಎದ್ದುಬಿಡುತ್ತಿದ್ದ. ಅಂಥ ಹಾಡುಗಳಿಗೆ ನಿಕ್ಕಿ ಬರುತ್ತಿದ್ದ. ಒಂದೇ ಪಿಯಾನೋ, ಇಬ್ಬರು, ಇಬ್ಬರೂ ಬ್ಯಾಂಡಿನ ಸದಸ್ಯರಲ್ಲ.

ನನ್ನದೂ ಒಂದು ಪುಟ್ಟ ಕಥೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೊಟ್ಟೆಯಲ್ಲೇ ಉಳಿಯುತ್ತದೆ. ಕೆಲವು ವರ್ಷದ ಹಿಂದೆ ಪರಿಚಯದವರೊಬ್ಬರ ಹಾಡಿಗೆ ಕೀಬೋರ್ಡ್ ನುಡಿಸಿಕೊಟ್ಟೆ. ಶುರುವಿಗೆ ಎಂಟು ಸೆಕೆಂಡಿನ ಒಂದು ತುಣುಕು ಬೇಕಿತ್ತು, ಅವರ ಬಳಿ ಏನೂ ಇರಲಿಲ್ಲ. ನಾನೇ ಕೂತು ಕಟ್ಟಿದೆ. ಹಾಡು ಹೊರಗೆ ಬಂತು, ಒಂದಿಷ್ಟು ಜನ ಕೇಳಿದರು. ಕೆಳಗೆ ಮಿಕ್ಸಿಂಗ್ ಮಾಡಿದವರ ಹೆಸರಿತ್ತು, ಪೋಸ್ಟರ್ ಮಾಡಿದವರ ಹೆಸರಿತ್ತು, ಧನ್ಯವಾದಗಳಲ್ಲಿ ಯಾರದ್ದೋ ಬೆಕ್ಕಿನ ಹೆಸರೂ ಇತ್ತು. ನನ್ನದಿರಲಿಲ್ಲ. ಕೇಳಿದ್ದಕ್ಕೆ "ಅಯ್ಯೋ ಮರೆತೇ ಹೋಯ್ತು, ಸರಿ ಮಾಡ್ತೀನಿ" ಎಂದರು. ಇನ್ನೂ ಸರಿ ಮಾಡುತ್ತಲೇ ಇದ್ದಾರೆ. ಕೆಟ್ಟವರೇನಲ್ಲ, ನಿಜವಾಗಿ ಮರೆತಿದ್ದರು. ಆ ಮರೆವೇ ನನ್ನನ್ನು ಕೊರೆಯೋದು. ಒಂದು ದಿನ ಯಾರೋ ನನ್ನ ಎದುರೇ ಆ ಎಂಟು ಸೆಕೆಂಡ್ ಗುನುಗಿ, "ಈ ಹಾಡು ಗೊತ್ತಾ?" ಎಂದು ಕೇಳಿದರು. ಗೊತ್ತು ಎಂದೆ.

ಬರೀ ಹೆಸರಿನ ಮಾತಾದರೆ ನುಂಗಿಕೊಳ್ಳಬಹುದು. ನಿಕ್ಕಿಗೆ ಹೆಸರಿನ ಕೊರತೆ ಅಷ್ಟೊಂದು ಇರಲಿಲ್ಲ. ಸಂಗೀತದವರಿಗೆಲ್ಲ ಅವನು ಗೊತ್ತಿತ್ತು, ಎಷ್ಟೋ ಆಲ್ಬಮ್‌ಗಳ ಮೇಲೆ ಹೆಸರೂ ಇದೆ. ಕೊರತೆ ಇದ್ದದ್ದು ಪಾಲಿನಲ್ಲಿ. ಹಾಡು ಬರೆದವರಿಗೆ ರಾಯಲ್ಟಿ ಬರುತ್ತದೆ, ಬ್ಯಾಂಡಿನವರಿಗೆ ರೆಕಾರ್ಡ್ ಮಾರಾಟದಲ್ಲಿ ಪಾಲು ಬರುತ್ತದೆ. ಕೂಲಿಯವನಿಗೆ ಕೂಲಿ. 'ಶೀಸ್ ಎ ರೇನ್‌ಬೋ'ದಿಂದ ಆ ಪಿಯಾನೋ ತೆಗೆದು ನೋಡಿ, ಹಾಡಿನ ಗುರುತು ಸಿಗುತ್ತದಾ? ಆದರೂ ಅದು ಸ್ಟೋನ್ಸ್‌ನ ಜ್ಯಾಗರ್ ಮತ್ತು ರಿಚರ್ಡ್ಸ್ ಬರೆದ ಹಾಡು. ಕಾನೂನು ಹಾಗೇ ನಡೆದಿದೆ.

ಈ ಗೆರೆ ಎಲ್ಲಿ ಎಳೆಯಬೇಕು ಎಂದು ಒಬ್ಬ ಕೀಬೋರ್ಡ್ ವಾದಕ ಕೋರ್ಟಿನಲ್ಲೇ ಕೇಳಿದ. ಪ್ರೋಕೋಲ್ ಹ್ಯಾರಮ್ ತಂಡದ 'ಎ ವೈಟರ್ ಶೇಡ್ ಆಫ್ ಪೇಲ್', 1967. ಅದರ ಹ್ಯಾಮಂಡ್ ಆರ್ಗನ್ ನುಡಿಸಿದ ಮ್ಯಾಥ್ಯೂ ಫಿಶರ್ ಬ್ಯಾಂಡಿನ ಸದಸ್ಯನೇ, ಕೂಲಿಯವನಲ್ಲ. ಆದರೂ ಹಾಡು ಬರೆದವರ ಹೆಸರಿನಲ್ಲಿ ಅವನಿರಲಿಲ್ಲ. 2005ರಲ್ಲಿ, 38 ವರ್ಷದ ನಂತರ, ದಾವೆ ಹೂಡಿದ. ಒಂದು ಕೋರ್ಟ್ ಹೌದು ಎಂದಿತು, ಮೇಲಿನ ಕೋರ್ಟ್ ದುಡ್ಡಿನ ವಿಷಯದಲ್ಲಿ ಇಲ್ಲ ಎಂದಿತು, ಕೊನೆಗೆ 2009ರ ಜುಲೈನಲ್ಲಿ, ಆಗ ಬ್ರಿಟನ್ನಿನ ಕೊನೆಯ ಕೋರ್ಟೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಅವನ ಪರ ತೀರ್ಪು ಕೊಟ್ಟಿತು. ಸಂಗೀತದ ಹಕ್ಕಿನಲ್ಲಿ ಶೇಕಡಾ 40 ಪಾಲು. ಹಳೆಯ ಬಾಕಿ ಇಲ್ಲ, ದಾವೆ ಹೂಡಿದಲ್ಲಿಂದ ಮುಂದಕ್ಕೆ ಮಾತ್ರ. ಆ ಆರ್ಗನ್ ಧಾಟಿ ಕೇಳಿದವರಿಗೆ ಶೇಕಡಾ 40 ಕೂಡ ಕಡಿಮೆ ಅನ್ನಿಸಬಹುದು, ನನಗೆ ಅನ್ನಿಸುತ್ತದೆ. ಆದರೆ ನಾನು ಕೀಬೋರ್ಡಿನವನು, ನನ್ನ ಮಾತು ಸಾಕ್ಷಿಗೆ ನಿಲ್ಲುವುದಿಲ್ಲ.

ಇನ್ನೊಂದು ಬದಲಾವಣೆ ಸದ್ದಿಲ್ಲದೆ ಬಂತು. 1996ರ ಡಿಸೆಂಬರ್ 1ರಿಂದ ಬ್ರಿಟನ್ನಿನಲ್ಲಿ ರೆಕಾರ್ಡ್ ರೇಡಿಯೋದಲ್ಲಿ ಬಂದರೆ, ಅಂಗಡಿ ಹೋಟೆಲಿನಲ್ಲಿ ಕೇಳಿಸಿದರೆ, ಅದರಲ್ಲಿ ನುಡಿಸಿದವರಿಗೂ ನ್ಯಾಯವಾದ ಪಾಲು ಕೊಡಬೇಕೆಂಬುದು ಕಾನೂನಿನ ಹಕ್ಕಾಯಿತು. ಕೂಲಿಗೆ ಬಂದು ನುಡಿಸಿದವರಿಗೂ ಅದು ಅನ್ವಯ. 'ಆಂಜಿ' ರೇಡಿಯೋದಲ್ಲಿ ಎಷ್ಟು ಸಲ ಬಂದಿರಬಹುದು, ಲೆಕ್ಕ ಹಾಕಿ.

ನಿಕ್ಕಿ ಸತ್ತು ಆಗಲೇ ಎರಡು ವರ್ಷ ಕಳೆದಿತ್ತು.

ಕೊನೆಯ ವರ್ಷಗಳ ಬಗ್ಗೆ ಜಾಸ್ತಿ ಬರೆಯಲು ಮನಸ್ಸಿಲ್ಲ. 1973ರಲ್ಲಿ 'ದ ಟಿನ್ ಮ್ಯಾನ್ ವಾಸ್ ಎ ಡ್ರೀಮರ್' ಎಂಬ ಸ್ವಂತ ಆಲ್ಬಮ್ ಮಾಡಿದ, ಹಾಡಿದವನೂ ಅವನೇ. ಜಾರ್ಜ್ ಹ್ಯಾರಿಸನ್ ಬೇರೆ ಹೆಸರಿಟ್ಟುಕೊಂಡು ಬಂದು ಗಿಟಾರ್ ನುಡಿಸಿದ. ಜೀವನಪೂರ್ತಿ ಬೇರೆಯವರ ಆಲ್ಬಮ್ಮಿಗೆ ನುಡಿಸಿದವನ ಆಲ್ಬಮ್ಮಿಗೆ ಒಬ್ಬ ಬೀಟಲ್ ಕೂಲಿಯವನಾಗಿ ಬಂದದ್ದು ನನಗೆ ಇಷ್ಟದ ವಿಷಯ. ಆಲ್ಬಮ್ ಓಡಲಿಲ್ಲ. ಕುಡಿತ, ಮಾದಕವಸ್ತು ಸೇರಿಕೊಂಡವು, ಹಾಳು ಹೊಟ್ಟೆಯ ಜೊತೆಗೆ. ಅದರಿಂದ ಹೊರಗೂ ಬಂದ. 1981ರಲ್ಲಿ ಸ್ಟೋನ್ಸ್‌ನ 'ವೇಟಿಂಗ್ ಆನ್ ಎ ಫ್ರೆಂಡ್' ಹೊರಬಂದಾಗ ಅದರಲ್ಲಿ ಅವನ ಪಿಯಾನೋ ಇತ್ತು. ಅದು 1972ರಲ್ಲಿ ಜಮೈಕಾದಲ್ಲಿ ನುಡಿಸಿದ್ದು, ಪೆಟ್ಟಿಗೆಯಲ್ಲಿ ಒಂಬತ್ತು ವರ್ಷ ಮಲಗಿತ್ತು. 1989ರಲ್ಲಿ ಪಾಲ್ ಮೆಕಾರ್ಟ್ನಿ ಆಲ್ಬಮ್ಮಿಗೂ ನುಡಿಸಿದ. 1994ರ ಸೆಪ್ಟೆಂಬರ್ 6ರಂದು ಅಮೆರಿಕದ ನ್ಯಾಶ್‌ವಿಲ್‌ನಲ್ಲಿ, ಕರುಳಿನ ಶಸ್ತ್ರಚಿಕಿತ್ಸೆಯ ನಂತರದ ತೊಂದರೆಯಿಂದ ತೀರಿಕೊಂಡ. 50 ವರ್ಷ.

ರಾಕ್ ಸಾಧಕರನ್ನು ಗೌರವಿಸುವ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ 1989ರಲ್ಲಿ ಸ್ಟೋನ್ಸ್ ತಂಡವನ್ನು ಸೇರಿಸಿಕೊಂಡಾಗ ಇಯಾನ್ ಸ್ಟೀವರ್ಟ್ ಹೆಸರನ್ನೂ ಸೇರಿಸಿತ್ತು. ನಿಕ್ಕಿಯ ಸರದಿ ಬಂದದ್ದು 2025ರಲ್ಲಿ. ಸತ್ತು 31 ವರ್ಷದ ಮೇಲೆ. ಆಗ ಅವನ ಜೊತೆ ಸೇರಿಸಿದ್ದು ಬಾಸ್ ಗಿಟಾರಿನ ಕ್ಯಾರಲ್ ಕೇ ಎಂಬಾಕೆಯನ್ನು, ಅವರೂ ಸೆಷನ್ ಕೂಲಿಯವರೇ. ಅವರು ಆ ಗೌರವ ತಮಗೆ ಬೇಡ ಎಂದು ಮೊದಲೇ ಹೇಳಿಬಿಟ್ಟಿದ್ದರು. ನಿಕ್ಕಿಯನ್ನು ಕೇಳುವ ಹಾಗಿರಲಿಲ್ಲ.

ಅವನು ಸತ್ತ ಮೇಲೆ ರೇ ಡೇವಿಸ್, ಅದೇ 'ಸೆಷನ್ ಮ್ಯಾನ್' ಬರೆದವನು, ಪತ್ರಿಕೆಯಲ್ಲಿ ಅವನನ್ನು ನೆನಪಿಸಿಕೊಂಡು ಬರೆದಿದ್ದ. ಇವನು ಮೆರೆಯಲು ನುಡಿಸುತ್ತಿರಲಿಲ್ಲ, ಬೇಕಾದಾಗ ಮಾತ್ರ ನುಡಿಸುತ್ತಿದ್ದ ಎನ್ನುವ ಅರ್ಥದ ಮಾತು ಅದರಲ್ಲಿದೆ.

ಹೋದ ಶನಿವಾರ ಪ್ರಾಕ್ಟೀಸ್ ಇತ್ತು. ಎಡಗೈಯನ್ನು ಜೇಬಲ್ಲಿ ಇಡಲಿಲ್ಲ, ತೊಡೆಯ ಮೇಲಿಟ್ಟುಕೊಂಡೆ. ಮೊದಲ ಚರಣ ಬರೀ ಕಾರ್ಡ್. ಎರಡನೆಯದಕ್ಕೆ ಬಲಗೈಯಲ್ಲಿ ಮೇಲೆ ಎರಡು ಸ್ವರ, ಡ್ರಮ್ಸ್‌ನ ಸಂದಿ ನೋಡಿ. ಬೆರಳು ತುರಿಸುತ್ತಿತ್ತು, ತಡೆದೆ. ಹಾಡು ಮುಗಿದಾಗ ಯಾರೂ ನನ್ನ ಕಡೆ ನೋಡಲಿಲ್ಲ. ಬಾಸ್‌ನವನು ಮಾತ್ರ ವೈರ್ ಸುತ್ತುತ್ತಾ ಬಹಳ ಖುಷಿಯಲ್ಲಿದ್ದ.

"ಇವತ್ತು ನನ್ನ ಬಾಸ್ ಸೂಪರ್ ಆಗಿ ಕೇಳಿಸ್ತು, ಅಲ್ವಾ?" ಎಂದ.